ಕೊಳ್ಳೇಗಾಲ, ಹನೂರು ಮತ್ತು ಯಳಂದೂರಿನಲ್ಲಿ ಮಕ್ಕಳ ಬೇಸಿಗೆ ಓದು

ಮಕ್ಕಳ ಬೇಸಿಗೆ ಓದು ಎಂಬುದು ಶಾಲೆಗಳ ಬೇಸಿಗೆ ರಜೆಯ ಅವಧಿಯಲ್ಲಿ ಗ್ರಂಥಾಲಯಗಳು ಮಕ್ಕಳಿಗಾಗಿ ನಡೆಸುವ ಓದಿನ ಚಟುವಟಿಕೆಗಳ ಒಟ್ಟು ಹೆಸರು. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಇದಕ್ಕೆ ಮುಖ್ಯ ಆಧಾರ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು. ಇವು ಈಗ ಅರಿವು ಕೇಂದ್ರಗಳೆಂದು ಕರೆಯಲ್ಪಡುತ್ತವೆ. ಕರ್ನಾಟಕದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯು 2020ರ ನವೆಂಬರ್ 14ರಂದು ಆರಂಭಿಸಿದ ‘ಓದುವ ಬೆಳಕು’ ಕಾರ್ಯಕ್ರಮದ ಅಡಿಯಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಈ ಗ್ರಂಥಾಲಯಗಳ ಸದಸ್ಯತ್ವ ಉಚಿತವಾಗಿ ದೊರೆಯುತ್ತದೆ. ರಜೆಯಲ್ಲಿ ಇಲ್ಲಿ ನಡೆಯುವ ಶಿಬಿರಗಳಿಗೂ ಇದೇ ಸದಸ್ಯತ್ವ ಬುನಾದಿಯಾಗಿದೆ.

ರಜೆ ಮತ್ತು ಓದು

ಕರ್ನಾಟಕದ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯ ವಾರದವರೆಗೆ ಬೇಸಿಗೆ ರಜೆ ಇರುತ್ತದೆ. ಈ ಸುಮಾರು ಏಳು ವಾರಗಳಲ್ಲಿ ಮನೆಯಲ್ಲಿ ಪುಸ್ತಕ, ಪತ್ರಿಕೆಗಳಿರುವ ಮಗುವಿನ ಓದು ಹೇಗೋ ಮುಂದುವರಿಯುತ್ತದೆ. ಮನೆಯಲ್ಲಿ ಪಠ್ಯಪುಸ್ತಕದ ಹೊರತು ಅಚ್ಚಾದ ಕಾಗದವೇ ಇಲ್ಲದ ಮಗುವಿಗೆ ಶಾಲೆಯ ಬಾಗಿಲು ಮುಚ್ಚಿದೊಡನೆ ಓದಿನ ಬಾಗಿಲೂ ಮುಚ್ಚುತ್ತದೆ. ಅಕ್ಷರ ಕೂಡಿಸಿ ಓದುವ ಹಂತದಿಂದ ಸರಾಗವಾಗಿ ಓದುವ ಹಂತಕ್ಕೆ ದಾಟುತ್ತಿರುವ ಎರಡು, ಮೂರನೆಯ ತರಗತಿಯ ಮಕ್ಕಳಿಗೆ ಈ ಬಿಡುವು ವಿಶೇಷವಾಗಿ ತೊಡಕಾಗುತ್ತದೆ. ಜೂನ್ ತಿಂಗಳ ಮೊದಲ ವಾರಗಳನ್ನು ಹಿಂದಿನ ವರ್ಷದ ಪಾಠ ನೆನಪಿಸುವುದಕ್ಕೆ ಮೀಸಲಿಡಬೇಕಾಗುವುದು ಶಿಕ್ಷಕರ ಸಾಮಾನ್ಯ ಅನುಭವ.

ಅಮೆರಿಕದ ಸಮಾಜಶಾಸ್ತ್ರಜ್ಞೆ ಬಾರ್ಬರಾ ಹೈನ್ಸ್ ಅಟ್ಲಾಂಟಾ ನಗರದ ಮಕ್ಕಳನ್ನು ಕುರಿತು ನಡೆಸಿ 1978ರಲ್ಲಿ ಪ್ರಕಟಿಸಿದ ಅಧ್ಯಯನವು, ಬೇಸಿಗೆಯಲ್ಲಿ ಓದಿದ ಪುಸ್ತಕಗಳ ಸಂಖ್ಯೆಗೂ ಗ್ರಂಥಾಲಯದ ಬಳಕೆಗೂ ಮಗುವಿನ ಕಲಿಕೆಯ ಮುನ್ನಡೆಗೂ ಸಂಬಂಧವಿದೆಯೆಂದು ತೋರಿಸಿತು. ರಿಚರ್ಡ್ ಆಲಿಂಗ್ಟನ್ ಮತ್ತು ಸಂಗಡಿಗರು ಫ್ಲಾರಿಡಾದ ಬಡ ಕುಟುಂಬಗಳ ಮಕ್ಕಳಿಗೆ ಅವರೇ ಆರಿಸಿಕೊಂಡ 12 ಪುಸ್ತಕಗಳನ್ನು ಮೂರು ಬೇಸಿಗೆಗಳಲ್ಲಿ ಸತತವಾಗಿ ಕೊಟ್ಟು ನೋಡಿದರು. ಆ ಮಕ್ಕಳ ಓದಿನ ಮಟ್ಟ ಪುಸ್ತಕ ಪಡೆಯದ ಮಕ್ಕಳಿಗಿಂತ ಮೇಲಿತ್ತೆಂದು 2010ರಲ್ಲಿ ವರದಿ ಮಾಡಿದರು. ರಜೆಯಲ್ಲಿ ಕಲಿಕೆ ಎಷ್ಟು ನಷ್ಟವಾಗುತ್ತದೆ ಎಂಬುದರ ಬಗ್ಗೆ ಸಂಶೋಧಕರಲ್ಲಿ ಈಚೆಗೆ ಭಿನ್ನಾಭಿಪ್ರಾಯಗಳು ತಲೆದೋರಿವೆ. ಫ್ಲಾರಿಡಾದ ಪ್ರಯೋಗದಲ್ಲಿ ಗಮನಿಸಬೇಕಾದ ಅಂಶ ಬೇರೆಯೇ ಆಗಿದೆ: ಅಲ್ಲಿ ಪುಸ್ತಕವನ್ನು ಆರಿಸಿದವರು ಮಕ್ಕಳು, ಶಿಕ್ಷಕರಲ್ಲ.

ಗ್ರಂಥಾಲಯಗಳು ಬೇಸಿಗೆಯಲ್ಲಿ ಮಕ್ಕಳಿಗಾಗಿ ಓದಿನ ಯೋಜನೆ ನಡೆಸುವ ಪದ್ಧತಿ 1890ರ ದಶಕದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಮೊದಲಾದ ನಗರಗಳಲ್ಲಿ ಕಾಣಿಸಿಕೊಂಡಿತು. ಬ್ರಿಟನ್ನಿನಲ್ಲಿ 1999ರಿಂದ ನಡೆಯುತ್ತಿರುವ ಬೇಸಿಗೆ ಓದಿನ ಸವಾಲಿನಲ್ಲಿ ಮಕ್ಕಳು ರಜೆಯೊಳಗೆ ಆರು ಪುಸ್ತಕ ಓದುವ ಗುರಿ ಇಟ್ಟುಕೊಳ್ಳುವುದು ರೂಢಿ.

ಪ್ರದೇಶದ ಗ್ರಂಥಾಲಯ ಇತಿಹಾಸ

ನೆರೆಹೊರೆಯ ಈ ಮೂರು ತಾಲ್ಲೂಕುಗಳ ಆಡಳಿತದ ಇತಿಹಾಸ ಒಂದೇ ಅಲ್ಲ. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. ಇಂದಿನ ಹನೂರು ತಾಲ್ಲೂಕನ್ನೂ ಒಳಗೊಂಡಿದ್ದ ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಮೈಸೂರಿಗೆ ಬಂದಿತು.

ಇದರಿಂದಾಗಿ ಗ್ರಂಥಾಲಯದ ಕಾನೂನು ಕೊಳ್ಳೇಗಾಲಕ್ಕೆ ಯಳಂದೂರಿಗಿಂತ ಮೊದಲೇ ಅನ್ವಯವಾಯಿತು. ಸ್ವತಂತ್ರ ಭಾರತದಲ್ಲಿ ಮೊದಲು ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಮಾಡಿದ್ದು ಮದರಾಸು, ಎಸ್. ಆರ್. ರಂಗನಾಥನ್ ಅವರ ಪ್ರಯತ್ನದ ಫಲವಾದ ಆ ಕಾಯ್ದೆಯ ವರ್ಷ 1948. ಅದಕ್ಕೂ ಮುನ್ನ, 1931ರಲ್ಲಿ, ಅದೇ ಪ್ರಾಂತ್ಯದ ತಂಜಾವೂರು ಜಿಲ್ಲೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಪುಸ್ತಕ ಹೇರಿಕೊಂಡು ಹಳ್ಳಿ ತಿರುಗುವ ಸಂಚಾರಿ ಗ್ರಂಥಾಲಯ ಆರಂಭವಾಗಿತ್ತು. ಪ್ರತಿ ಓದುಗನಿಗೆ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೆ ಅದರ ಓದುಗ ಎಂಬ ಆಶಯವನ್ನು ಒಳಗೊಂಡ ರಂಗನಾಥನ್ ಅವರ ಗ್ರಂಥಾಲಯ ಪಂಚಸೂತ್ರಗಳು ಪ್ರಕಟವಾದದ್ದೂ ಅದೇ ವರ್ಷ. ಮೈಸೂರು ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಮರುವರ್ಷ ಸಾರ್ವಜನಿಕ ಗ್ರಂಥಾಲಯ ಇಲಾಖೆ ಕಾರ್ಯಾರಂಭ ಮಾಡಿತು. ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯೊಂದಿಗೆ ಸಂಗ್ರಹಿಸುವ ಶೇ 6ರಷ್ಟು ಗ್ರಂಥಾಲಯ ಕರ ಈ ಕಾಯ್ದೆಯಿಂದ ಬಂದದ್ದು.

1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಚಾಮರಾಜನಗರ ಜಿಲ್ಲೆ ರಚನೆಯಾಯಿತು. 2018ರಲ್ಲಿ ಹನೂರು ಪ್ರತ್ಯೇಕ ತಾಲ್ಲೂಕಾಯಿತು. 2011ರ ಜನಗಣತಿಯಂತೆ ಜಿಲ್ಲೆಯ ಸಾಕ್ಷರತೆ ಶೇ 61.43, ರಾಜ್ಯದ್ದು ಶೇ 75.36. ಇಂದು ಗ್ರಂಥಾಲಯಕ್ಕೆ ಬರುವ ಅನೇಕ ಮಕ್ಕಳ ಮನೆಯಲ್ಲಿ ಪುಸ್ತಕ ಓದಿ ಹೇಳುವ ಹಿರಿಯರು ಏಕೆ ಇಲ್ಲ ಎಂಬುದಕ್ಕೆ ಈ ಅಂಕಿ ಅಂಶವೇ ಉತ್ತರ.

ಓದುವ ಬೆಳಕು

ರಾಜ್ಯದ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. ಅಲ್ಲಿಯವರೆಗೆ ಅನೇಕ ಕಡೆ ಇವು ದಿನಪತ್ರಿಕೆ ಓದಲು ಬರುವ ಹಿರಿಯರ ತಾಣಗಳಾಗಿದ್ದವು. ಮರುವರ್ಷ ಕೋವಿಡ್ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದಾಗ, ಹಳ್ಳಿಯ ಮಕ್ಕಳಿಗೆ ಓದಲು ಉಳಿದ ಸಾರ್ವಜನಿಕ ಸ್ಥಳ ಇದೊಂದೇ ಎಂಬ ಅರಿವಿನಲ್ಲಿ ‘ಓದುವ ಬೆಳಕು’ ರೂಪುಗೊಂಡಿತು. ಮಕ್ಕಳ ದಿನಾಚರಣೆಯಂದು ಅದಕ್ಕೆ ಚಾಲನೆ ದೊರೆಯಿತು. ದಾನಿಗಳಿಂದ ಪುಸ್ತಕ ಸಂಗ್ರಹಿಸುವ ‘ಪುಸ್ತಕ ಜೋಳಿಗೆ’ ಅಭಿಯಾನಗಳೂ ಇದರ ಜೊತೆಗೆ ನಡೆದವು. ಶಾಲೆಗಳು ತೆರೆದ ಮೇಲೆಯೂ ಕಾರ್ಯಕ್ರಮ ನಿಲ್ಲಲಿಲ್ಲ. ಸಾಂಕ್ರಾಮಿಕದ ದೀರ್ಘ ರಜೆಗಾಗಿ ಹುಟ್ಟಿದ ಏರ್ಪಾಡು ಪ್ರತಿ ವರ್ಷದ ಬೇಸಿಗೆ ರಜೆಗೂ ಸಹಜವಾಗಿಯೇ ಒದಗಿಬಂದಿತು.

ಪಟ್ಟಣಗಳ ಮಾತು ಬೇರೆ. ಕೊಳ್ಳೇಗಾಲ ನಗರಸಭೆಯಾಗಿದ್ದು, ಹನೂರು ಮತ್ತು ಯಳಂದೂರು ಪಟ್ಟಣ ಪಂಚಾಯಿತಿಗಳಾಗಿವೆ. ಪಟ್ಟಣದ ಗ್ರಂಥಾಲಯಗಳು ಇಂದಿಗೂ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಅಧೀನದಲ್ಲಿವೆ. ಹೀಗಾಗಿ ತಾಲ್ಲೂಕು ಕೇಂದ್ರದ ಮಗು ಒಂದು ಇಲಾಖೆಯ ಗ್ರಂಥಾಲಯಕ್ಕೂ ಎರಡು ಕಿಲೋಮೀಟರ್ ಆಚೆಯ ಹಳ್ಳಿಯ ಮಗು ಇನ್ನೊಂದು ಇಲಾಖೆಯ ಗ್ರಂಥಾಲಯಕ್ಕೂ ಹೋಗುತ್ತದೆ.

ಬೇಸಿಗೆಯ ಚಟುವಟಿಕೆಗಳು

ರಜೆಯ ದಿನಗಳಲ್ಲಿ ಮಕ್ಕಳು ಬೆಳಗಿನ ಹೊತ್ತು ಗ್ರಂಥಾಲಯದಲ್ಲಿ ಸೇರುತ್ತಾರೆ. ಬಿಸಿಲೇರುವ ಮುನ್ನ ಮುಗಿಯುವಂತೆ ಶಿಬಿರದ ವೇಳೆಯನ್ನು ಇಡುವುದು ವಾಡಿಕೆ. ಗಟ್ಟಿ ಓದು, ಕಥೆ ಹೇಳುವುದು, ಓದಿದ ಪುಸ್ತಕದ ಬಗ್ಗೆ ಎರಡು ಮಾತು ಬರೆಯುವುದು, ಚಿತ್ರ ಬಿಡಿಸುವುದು, ಭೂಪಟ ನೋಡಿ ಊರು ಹುಡುಕುವುದು, ಚದುರಂಗ, ಒಗಟು, ಸರಳ ವಿಜ್ಞಾನ ಪ್ರಯೋಗ ಇವು ಮುಖ್ಯ ಚಟುವಟಿಕೆಗಳು. ಕೊನೆಯಲ್ಲಿ ಮಗು ತನಗೆ ಬೇಕಾದ ಪುಸ್ತಕವನ್ನು ವಹಿಯಲ್ಲಿ ಬರೆಸಿ ಮನೆಗೆ ಒಯ್ಯುತ್ತದೆ. ಇಡೀ ಏರ್ಪಾಡಿನ ತಿರುಳು ಈ ಕೊನೆಯ ಹಂತದಲ್ಲಿದೆ. ಶಿಬಿರ ಕೆಲವು ದಿನಗಳಲ್ಲಿ ಮುಗಿಯುತ್ತದೆ, ಎರವಲು ರಜೆ ಮುಗಿಯುವವರೆಗೂ ನಡೆಯುತ್ತದೆ.

ಗಟ್ಟಿ ಓದಿಗೆ ಈ ಪ್ರದೇಶದಲ್ಲಿ ವಿಶೇಷ ಸ್ಥಾನವಿದೆ. ಕಂಸಾಳೆಯವರು ಹಾಡುವ ಮಲೆ ಮಹದೇಶ್ವರ ಕಾವ್ಯ, ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯಗಳ ನೆಲ ಇದು. ರಾತ್ರಿಯಿಡೀ ಕೂತು ಕಥೆ ಕೇಳುವ ರೂಢಿ ಇರುವ ಕುಟುಂಬದ ಮಗುವಿಗೆ ಕಥೆ ಹೊಸದಲ್ಲ, ಅದು ಪುಸ್ತಕದೊಳಗೆ ಇರುವುದಷ್ಟೇ ಹೊಸದು. ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಕೇಳುವ ಕ್ರಮವು ಈ ಎರಡರ ನಡುವೆ ಸೇತುವೆಯಾಗುತ್ತದೆ. ದೊಡ್ಡ ತರಗತಿಯ ಹುಡುಗಿಯೊಬ್ಬಳು ತಮ್ಮ, ತಂಗಿಯರಿಗೆ ಓದಿ ಹೇಳುವುದು ಮೇಲ್ವಿಚಾರಕರ ಓದಿಗಿಂತ ಎಷ್ಟೋ ಸಲ ಹೆಚ್ಚು ಹಿಡಿಸುತ್ತದೆ.

ಈ ಎಲ್ಲದರ ಹೊಣೆ ಗ್ರಂಥಾಲಯ ಮೇಲ್ವಿಚಾರಕರೊಬ್ಬರ ಮೇಲಿರುತ್ತದೆ. ಬಾಗಿಲು ತೆರೆಯುವುದು, ಪುಸ್ತಕ ಕೊಡುವುದು, ವಹಿ ಬರೆಯುವುದು, ಶಿಬಿರ ನಡೆಸುವುದು, ಛಾಯಾಚಿತ್ರ ತೆಗೆದು ವರದಿ ಕಳಿಸುವುದು ಎಲ್ಲವೂ ಅವರದೇ ಕೆಲಸ. ಅವರು ರಜೆ ಹಾಕಿದ ದಿನ ಬಾಗಿಲು ತೆರೆಯುವ ಬೇರೊಬ್ಬರಿಲ್ಲದಿದ್ದರೆ ಊರಿನ ಓದಿಗೂ ಅಂದು ರಜೆ.

ದೂರದ ಪ್ರಶ್ನೆ

ಗ್ರಾಮ ಪಂಚಾಯಿತಿಗೊಂದು ಗ್ರಂಥಾಲಯ ಎಂಬ ಲೆಕ್ಕಾಚಾರ ಬಯಲು ಸೀಮೆಗೆ ಒಪ್ಪುತ್ತದೆ. ಕಾವೇರಿ ಬಯಲಿನ ಕೊಳ್ಳೇಗಾಲದ ಹಳ್ಳಿಗಳಲ್ಲಿ, ಸುವರ್ಣಾವತಿ ಹರಿಯುವ ಯಳಂದೂರಿನ ತಗ್ಗು ಪ್ರದೇಶದಲ್ಲಿ ಊರುಗಳು ಹತ್ತಿರ ಹತ್ತಿರ ಇವೆ. ಪಂಚಾಯಿತಿ ಕೇಂದ್ರಕ್ಕೆ ಮಗು ನಡೆದೋ ಸೈಕಲ್ಲಿನಲ್ಲೋ ಹೋಗಿ ಬರಬಲ್ಲದು. ಬೆಟ್ಟ ಏರಿದೊಡನೆ ಈ ಲೆಕ್ಕ ತಪ್ಪುತ್ತದೆ.

ಹನೂರು ತಾಲ್ಲೂಕಿನ ಬಹುಭಾಗ ಮಲೆ ಮಹದೇಶ್ವರ ಹಾಗೂ ಕಾವೇರಿ ವನ್ಯಜೀವಿಧಾಮಗಳ ಕಾಡು. ಮಹದೇಶ್ವರ ಬೆಟ್ಟದ ಸುತ್ತಲಿನ ಇಂಡಿಗನತ್ತ, ದೊಡ್ಡಾಣೆ, ಪಡಸಲನತ್ತದಂಥ ಊರುಗಳಿಗೆ ಸರಿಯಾದ ರಸ್ತೆಯೇ ದೀರ್ಘಕಾಲದ ಬೇಡಿಕೆ. ಆನೆ ಓಡಾಡುವ ಕಾಡುದಾರಿಯಲ್ಲಿ ಪುಸ್ತಕ ಬದಲಾಯಿಸಿಕೊಂಡು ಬಾ ಎಂದು ಎಂಟು ವರ್ಷದ ಮಗುವನ್ನು ಕಳಿಸುವ ತಂದೆ ತಾಯಿ ಇರಲಾರರು. ಶಾಲೆ ನಡೆಯುವಾಗ ಮಗುವಿಗೆ ಶಾಲೆಯ ಪುಸ್ತಕಗಳಾದರೂ ಸಿಗುತ್ತವೆ. ಗ್ರಂಥಾಲಯ ಅತಿ ಹೆಚ್ಚು ಬೇಕಾಗುವ ಏಪ್ರಿಲ್, ಮೇ ತಿಂಗಳುಗಳಲ್ಲೇ ಅದು ಕೈಗೆಟುಕುವುದಿಲ್ಲ.

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಪೋಡುಗಳದ್ದೂ ಇದೇ ಬಗೆಯ ಸ್ಥಿತಿ. ಬಂಗ್ಲೆ ಪೋಡಿನಂತೆ ರಸ್ತೆಗೆ ಹತ್ತಿರವಿರುವ ಪೋಡುಗಳ ಮಕ್ಕಳಿಗೂ ಕಾಡಿನ ಒಳಗಿರುವ ಪುರಾಣಿ ಪೋಡಿನ ಮಕ್ಕಳಿಗೂ ಒಂದೇ ಅನುಕೂಲವಿಲ್ಲ. ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಬುಡಕಟ್ಟು ಮಕ್ಕಳಿಗಾಗಿ ಶಾಲೆ ನಡೆಸುತ್ತದೆ. ಸರ್ಕಾರದ ಆಶ್ರಮ ಶಾಲೆಗಳೂ ಜಿಲ್ಲೆಯಲ್ಲಿವೆ. ವಸತಿ ಶಾಲೆಯ ಮಗು ರಜೆಗೆ ಪೋಡಿಗೆ ಮರಳಿದಾಗ ಶಾಲೆಯ ಪುಸ್ತಕದ ಕಪಾಟಿನಿಂದಲೂ ದೂರವಾಗುತ್ತದೆ. ರಜೆಗೆ ಹೊರಡುವ ದಿನವೇ ಪ್ರತಿ ಮಗುವಿನ ಚೀಲಕ್ಕೆ ನಾಲ್ಕಾರು ಕಥೆ ಪುಸ್ತಕ ಹಾಕಿ ಕಳಿಸುವುದು ಇದಕ್ಕೆ ಅಗ್ಗದ ಪರಿಹಾರ. ಕೆಲವು ಪುಸ್ತಕ ಕಳೆದುಹೋಗುವುದು ಖಚಿತ. ಲೆಕ್ಕ ಪರಿಶೋಧನೆಯಲ್ಲಿ ಅದಕ್ಕೆ ಉತ್ತರಿಸಬೇಕಾದೀತೆಂಬ ಭಯದಿಂದ ಕಪಾಟುಗಳಿಗೆ ಬೀಗ ಹಾಕಿಡುವುದೂ ಉಂಟು. ಮನ್ನಾರ್‌ಗುಡಿಯ ಎತ್ತಿನ ಗಾಡಿಯ ಮಾದರಿಯಲ್ಲಿ ಪುಸ್ತಕದ ಪೆಟ್ಟಿಗೆಯನ್ನು ಪೋಡಿನ ಅಂಗನವಾಡಿಗೆ ಮುಟ್ಟಿಸಿ, ಹದಿನೈದು ದಿನಕ್ಕೊಮ್ಮೆ ಬದಲಾಯಿಸುವುದು ಇನ್ನೊಂದು ದಾರಿ.

ಕೂಲಿಗಾಗಿ ಕೊಡಗಿನ ಕಾಫಿ ತೋಟಗಳಿಗೂ ತಮಿಳುನಾಡಿನ ಊರುಗಳಿಗೂ ಹೋಗುವ ಕುಟುಂಬಗಳು ಹನೂರು ಭಾಗದಲ್ಲಿವೆ. ತಂದೆ ತಾಯಿಯೊಂದಿಗೆ ಹೊರಟ ಮಗುವಿನ ಹೆಸರು ಊರಿನ ಗ್ರಂಥಾಲಯದ ವಹಿಯಲ್ಲಿ ಉಳಿಯುತ್ತದೆ, ಮಗು ಉಳಿಯುವುದಿಲ್ಲ.

ಭಾಷೆ ಮತ್ತು ಪುಸ್ತಕ

ಸೋಲಿಗರ ಮನೆಮಾತು ಕನ್ನಡಕ್ಕೆ ಹತ್ತಿರವಾದ ಸೋಲಿಗ ನುಡಿ. ಹನೂರು ತಾಲ್ಲೂಕಿನ ಮಾರ್ಟಳ್ಳಿ ಭಾಗದಲ್ಲಿ ತಮಿಳು ಮಾತನಾಡುವವರಿದ್ದಾರೆ. ಒಡೆಯರಪಾಳ್ಯದಲ್ಲಿ 1970ರ ದಶಕದಲ್ಲಿ ನೆಲೆಗೊಂಡ ಟಿಬೆಟನ್ ನಿರಾಶ್ರಿತರ ವಸಾಹತು ಇದೆ. ಕೊಳ್ಳೇಗಾಲದ ಬಯಲಿನ ಮಕ್ಕಳ ಆಡುಮಾತು ಕೂಡ ಪುಸ್ತಕದ ಕನ್ನಡದಿಂದ ಸಾಕಷ್ಟು ದೂರವಿದೆ. ಆದ್ದರಿಂದ ಇಲ್ಲಿ ಮೊದಲ ಓದಿಗೆ ಚಿತ್ರ ದೊಡ್ಡದಾಗಿ, ವಾಕ್ಯ ಚಿಕ್ಕದಾಗಿ ಇರುವ ಪುಸ್ತಕಗಳೇ ಬೇಕು. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆ, ನವಕರ್ನಾಟಕದ ಮಕ್ಕಳ ಪುಸ್ತಕಗಳು, 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಹೊರತಂದ ಹಂತವಾರು ಕಥೆಗಳು ಈ ಬಗೆಯವು. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ಕಥೆಗಳನ್ನು ಉಚಿತವಾಗಿ ಓದಬಹುದು, ಮುದ್ರಿಸಿಕೊಳ್ಳಬಹುದು, ಬೇರೆ ನುಡಿಗೆ ತರಬಹುದು. ಸೋಲಿಗ ನುಡಿಯಲ್ಲಿ ಕಥೆ ಮಾಡಿಕೊಳ್ಳಲು ಬಯಸುವ ಶಿಕ್ಷಕರಿಗೆ ಇದು ಸುಲಭದ ಸಾಧನ.

ದಾನವಾಗಿ ಬಂದ ಪುಸ್ತಕಗಳೆಲ್ಲವೂ ಮಕ್ಕಳಿಗೆ ಒದಗುವುದಿಲ್ಲ. ಹಳೆಯ ಪಠ್ಯಗಳು, ಸ್ಪರ್ಧಾತ್ಮಕ ಪರೀಕ್ಷೆಯ ಮಾರ್ಗದರ್ಶಿಗಳು ಕಪಾಟು ತುಂಬಿಸುತ್ತವೆ, ಎಂಟು ವರ್ಷದ ಓದುಗನನ್ನು ಕರೆಯುವುದಿಲ್ಲ.

ಪರಿಣಾಮದ ಅಳತೆ

ಕಾರ್ಯಕ್ರಮದ ಪ್ರಗತಿಯನ್ನು ಮುಖ್ಯವಾಗಿ ನೋಂದಾಯಿತ ಮಕ್ಕಳ ಸಂಖ್ಯೆಯಿಂದ ಹೇಳಲಾಗುತ್ತದೆ. ರಾಜ್ಯದಾದ್ಯಂತ ಲಕ್ಷಗಟ್ಟಲೆ ಮಕ್ಕಳು ಸದಸ್ಯರಾಗಿದ್ದಾರೆ. ಶಾಲೆಯ ಹಾಜರಿ ಪಟ್ಟಿಯಿಂದಲೇ ಇಡೀ ತರಗತಿಯನ್ನು ಒಮ್ಮೆಗೆ ನೋಂದಾಯಿಸಬಹುದಾದ್ದರಿಂದ ಸದಸ್ಯತ್ವದ ಸಂಖ್ಯೆ ಓದಿನ ಸಂಖ್ಯೆಯಾಗುವುದಿಲ್ಲ. ಇದಕ್ಕಿಂತ ನಂಬಲರ್ಹವಾದ ದಾಖಲೆ ಪ್ರತಿ ಗ್ರಂಥಾಲಯದಲ್ಲೂ ಇರುವ ಎರವಲು ವಹಿ. ಅದರಲ್ಲಿ ಮಗುವಿನ ಹೆಸರು, ಪುಸ್ತಕದ ಹೆಸರು, ಒಯ್ದ ಮತ್ತು ಮರಳಿಸಿದ ದಿನಾಂಕಗಳು ಇರುತ್ತವೆ. ಏಪ್ರಿಲ್, ಮೇ ತಿಂಗಳ ಪುಟಗಳನ್ನು ಊರುವಾರು ನೋಡಿದರೆ ಯಾವ ಹಳ್ಳಿಯ ಮಕ್ಕಳು ಬಂದರು, ಯಾವ ಪೋಡಿನಿಂದ ಒಬ್ಬರೂ ಬರಲಿಲ್ಲ, ಯಾವ ಪುಸ್ತಕವನ್ನು ಮಕ್ಕಳು ಸರದಿಯಲ್ಲಿ ಒಯ್ದರು ಎಂಬುದು ತಿಳಿಯುತ್ತದೆ. ಮುಂದಿನ ಬೇಸಿಗೆಗೆ ಯಾವ ಪುಸ್ತಕ ಕೊಳ್ಳಬೇಕು, ಪೆಟ್ಟಿಗೆಯನ್ನು ಯಾವ ಊರಿಗೆ ಮೊದಲು ಕಳಿಸಬೇಕು ಎಂಬುದನ್ನು ಗ್ರಾಮ ಪಂಚಾಯಿತಿಯು ಈ ಪುಟಗಳಿಂದ ತೀರ್ಮಾನಿಸಬಹುದು.