ನವೋದಯದ ಎಂಬತ್ತು ಸ್ಥಾನಗಳು

ಕಳೆದ ವರ್ಷದ ದೀಪಾವಳಿ ರಜೆಯಲ್ಲಿ ಅಕ್ಕನ ಊರಿಗೆ ಹೋಗಿದ್ದೆ. ಊಟದ ಎಲೆ ಎತ್ತುವುದಕ್ಕೆ ಮೊದಲೇ ಭಾವನವರು ಕೇಳಿದರು: “ನೀನು ಕಾಲೇಜು ಓದುವವನು. ನಮ್ಮ ಹುಡುಗನಿಗೆ ನವೋದಯದಲ್ಲಿ ಸೀಟು ಸಿಕ್ಕೀತೋ ಇಲ್ಲವೋ, ಲೆಕ್ಕ ಹಾಕಿ ಹೇಳಯ್ಯ.” ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ; ಸಂಭಾವ್ಯತೆಯ ಅಧ್ಯಾಯ ಓದಿದ್ದೇನೆಂಬ ಜಂಬವೂ ಸ್ವಲ್ಪ ಇತ್ತು. ಆ ಲೆಕ್ಕಕ್ಕೆ ಕುಳಿತು ನಾನು ತಿಳಿದುಕೊಂಡ ಸಂಗತಿಗಳನ್ನು ವಾಚಕರ ಮುಂದಿಡುತ್ತಿದ್ದೇನೆ. ನಮ್ಮಲ್ಲಿ ಹಲವರ ಮನೆಯಲ್ಲಿ ಇಂಥ ಐದನೆಯ ತರಗತಿಯ ಮಗುವೊಂದು ಇದ್ದೇ ಇರುತ್ತದಷ್ಟೆ.

ಹಳ್ಳಿಯ ಜಾಣ ಮಕ್ಕಳಿಗೆ ಹಣದ ತೊಡಕಿಲ್ಲದೆ ಒಳ್ಳೆಯ ಶಿಕ್ಷಣ ದೊರೆಯಬೇಕೆಂಬುದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಒಂದು ಆಶಯ. ಅದರ ಫಲವೇ ಜವಾಹರ ನವೋದಯ ವಿದ್ಯಾಲಯಗಳು. ಊಟ, ವಸತಿ, ಪುಸ್ತಕ, ಸಮವಸ್ತ್ರ ಎಲ್ಲವೂ ಅಲ್ಲಿ ಉಚಿತ. ಆರನೆಯ ತರಗತಿಗೆ ಒಂದು ವಿದ್ಯಾಲಯದಲ್ಲಿ ಹೆಚ್ಚೆಂದರೆ 80 ಮಕ್ಕಳಿಗೆ ಪ್ರವೇಶ. ಪ್ರವೇಶ ಪರೀಕ್ಷೆ ಎರಡು ಗಂಟೆಯದು. 80 ಪ್ರಶ್ನೆ, 100 ಅಂಕ. ಗಣಿತಕ್ಕೆ 25, ಭಾಷೆಗೆ 25. ಉಳಿದ 50 ಅಂಕ ಮಾನಸಿಕ ಸಾಮರ್ಥ್ಯಕ್ಕೆ. ಅದರಲ್ಲಿರುವುದು ಬರಿಯ ಆಕೃತಿಗಳು: ಗುಂಪಿಗೆ ಸೇರದ ಚಿತ್ರ ಯಾವುದು, ಕನ್ನಡಿಯಲ್ಲಿ ಇದು ಹೇಗೆ ಕಾಣುತ್ತದೆ, ಕಾಗದ ಮಡಿಸಿ ತೂತು ಮಾಡಿ ಬಿಡಿಸಿದರೆ ಏನಾಗುತ್ತದೆ, ಇತ್ಯಾದಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. (ಬುದ್ಧಿಯನ್ನು ಅಳೆಯುವ ಪರೀಕ್ಷೆಗಳ ಮೊದಲಿಗರಲ್ಲೊಬ್ಬನಾದ ಫ್ರಾನ್ಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ತನ್ನ ಪರೀಕ್ಷೆಯನ್ನು ರಚಿಸಿದ್ದು ಜಾಣರನ್ನು ಆರಿಸುವುದಕ್ಕಲ್ಲ, ಪಾಠದಲ್ಲಿ ಹಿಂದೆ ಬಿದ್ದು ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದಕ್ಕೆ! ಅಳತೆಗೋಲು ಕೈ ಬದಲಾದಂತೆ ಕೆಲಸವೂ ಬದಲಾಗುತ್ತದೆ.)

ಭಾವನವರ ಲೆಕ್ಕ ಸರಳವಾಗಿತ್ತು. “ನಮ್ಮವನು ತರಗತಿಗೇ ಮೊದಲು. ಎಂಬತ್ತರಲ್ಲಿ ಒಬ್ಬನಾಗಲಾರನೇ?” ಎಲ್ಲ ತಂದೆತಾಯಿಗಳ ಲೆಕ್ಕವೂ ಇದೇ. ಆದರೆ ಪ್ರತಿ ಶಾಲೆಗೂ ಒಬ್ಬ ಮೊದಲಿಗನಿರುತ್ತಾನೆ. ಒಂದು ಜಿಲ್ಲೆಯಲ್ಲಿರುವ ಶಾಲೆಗಳೋ ನೂರಾರು. ಮೊದಲಿಗರಷ್ಟೇ ಪರೀಕ್ಷೆಗೆ ಕುಳಿತರೂ ಎಂಬತ್ತು ಸ್ಥಾನ ಸಾಲದು. ನಾಲ್ಕು ಸಾವಿರ ಅರ್ಜಿ ಬಂದವೆಂದು ಇಟ್ಟುಕೊಂಡರೆ ಐವತ್ತಕ್ಕೆ ಒಂದು ಸ್ಥಾನ. ಇಷ್ಟು ಹೇಳಿ ನಾನು ಗೆದ್ದೆನೆಂದುಕೊಂಡೆ. ಆದರೆ ನನ್ನ ಲೆಕ್ಕವೂ ತಪ್ಪೇ ಆಗಿತ್ತು. ಎಂಬತ್ತು ಸ್ಥಾನಗಳು ಒಂದೇ ರಾಶಿಯಲ್ಲ.

ನಿಯಮಗಳನ್ನು ತರಿಸಿ ಓದಿದಾಗ ಅದು ತಿಳಿಯಿತು. ಮೂರನೆಯ ಒಂದು ಭಾಗ ಹೆಣ್ಣುಮಕ್ಕಳಿಗೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಂಗವಿಕಲ ಮಕ್ಕಳಿಗೆ ಅವರವರ ಪಾಲು. ಇವೆಲ್ಲಕ್ಕೂ ಮಿಗಿಲಾದದ್ದು, ಶೇಕಡಾ 75ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನ ಗ್ರಾಮಾಂತರದ ಮಕ್ಕಳಿಗೆ. ಎಂದರೆ ಎಂಬತ್ತರಲ್ಲಿ ಅರವತ್ತು. ಮಿಕ್ಕ ಇಪ್ಪತ್ತಕ್ಕೆ ಪಟ್ಟಣದವರೂ ಹಳ್ಳಿಯವರೂ ಒಟ್ಟಿಗೇ ಸ್ಪರ್ಧಿಸಬೇಕು. ಗ್ರಾಮಾಂತರದವನು ಯಾರು? ಹಳ್ಳಿಯಲ್ಲಿ ಮನೆಯಿದ್ದರೆ ಸಾಲದು. ಮೂರು, ನಾಲ್ಕು, ಐದನೆಯ ತರಗತಿಗಳನ್ನು ಪೂರ್ತಿಯಾಗಿ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಆ ಮೂರು ವರ್ಷದಲ್ಲಿ ಒಂದು ದಿನ ಪಟ್ಟಣದ ಶಾಲೆಯಲ್ಲಿ ಓದಿದ್ದರೂ ಅವನು ಪಟ್ಟಣದವನೇ.

ಇಲ್ಲಿಗೆ ಓದಿ ನಾನು ಸುಮ್ಮನಾದೆ. ಏಕೆಂದರೆ ನವೋದಯದ ಆಸೆಯಿಂದಲೇ ಭಾವನವರು ಹುಡುಗನನ್ನು ನಾಲ್ಕನೆಯ ತರಗತಿಗೆ ಊರಿನ ಶಾಲೆ ಬಿಡಿಸಿ ತಾಲ್ಲೂಕು ಪಟ್ಟಣದ ಶಾಲೆಗೆ ಸೇರಿಸಿದ್ದರು. ಅಲ್ಲಿ ಪಾಠ ಚೆನ್ನಾಗಿದೆ, ಸಂಜೆ ತರಬೇತಿಯೂ ಸಿಗುತ್ತದೆ ಎಂದು ಯಾರೋ ಹೇಳಿದ್ದರಂತೆ. ವ್ಯಾನಿನ ಬಾಡಿಗೆಗೆ ಒಂದು ಎಮ್ಮೆ ಮಾರಿದ್ದರು. ಅರ್ಜಿಯ ಜತೆಗಿನ ಪ್ರಮಾಣಪತ್ರದಲ್ಲಿ ಹೆಡ್ ಮಾಸ್ತರು ‘ನಗರ’ ಎಂದು ಬರೆದು ಸಹಿ ಹಾಕಿದ್ದನ್ನು ಅವರು ಗಮನಿಸಿಯೇ ಇರಲಿಲ್ಲ. ನಾನು ತೋರಿಸಿದಾಗ ಎರಡು ಬಾರಿ ಓದಿಕೊಂಡು, “ನಮ್ಮ ಊರಿನ ಶಾಲೆಯಲ್ಲೇ ಬಿಟ್ಟಿದ್ದರೆ?” ಎಂದರು. ನನಗೆ ಉತ್ತರ ಗೊತ್ತಿತ್ತು, ಹೇಳಲಿಲ್ಲ.

ನಿಯಮ ಅನ್ಯಾಯದ್ದೆಂದು ನಾನು ಹೇಳಲಾರೆ. ಅದಿಲ್ಲದಿದ್ದರೆ ಹಳ್ಳಿಯ ಹೆಸರಿನ ವಿದ್ಯಾಲಯಗಳು ಪಟ್ಟಣದ ತರಬೇತಿ ಪಡೆದವರಿಂದಲೇ ತುಂಬಿಹೋಗುತ್ತಿದ್ದವು. ಅದನ್ನು ಮೂರನೆಯ ತರಗತಿಗೆ ಮೊದಲೇ ಪ್ರತಿ ಹಳ್ಳಿಯ ಶಾಲೆಯ ಗೋಡೆಗೆ ಅಂಟಿಸಬೇಕು ಎಂದಷ್ಟೇ ನನ್ನ ವಾದ.

ಅಕ್ಕನ ತೂಕವೇ ಬೇರೆ. ಅವಳಿಗೆ ಸ್ಥಾನ ಸಿಕ್ಕೀತೆಂಬುದೇ ಹೆದರಿಕೆ. “ಕತ್ತಲಾದ ಮೇಲೆ ಹಿತ್ತಲಿಗೆ ಹೋಗಬೇಕಾದರೆ ನನ್ನ ಸೆರಗು ಹಿಡಿಯುತ್ತಾನೆ. ಅಲ್ಲಿ ಯಾರಿದ್ದಾರೆ?” ಒಂಬತ್ತನೆಯ ತರಗತಿಯಲ್ಲಿ ಕೆಲವು ಮಕ್ಕಳನ್ನು ಒಂದು ವರ್ಷ ಬೇರೆ ಭಾಷೆಯ ಪ್ರಾಂತದ ವಿದ್ಯಾಲಯಕ್ಕೆ ಕಳುಹಿಸುತ್ತಾರೆಂಬುದನ್ನು ನಾನು ಆ ರಾತ್ರಿ ಅವಳಿಗೆ ತಿಳಿಸಲಿಲ್ಲ.

ಫಲಿತಾಂಶದ ಪಟ್ಟಿಯಲ್ಲಿ ಹುಡುಗನ ಹೆಸರಿರಲಿಲ್ಲ. ಆರನೆಯ ತರಗತಿಯ ಪರೀಕ್ಷೆಗೆ ಒಂದು ಮಗು ಒಂದೇ ಸಲ ಕುಳಿತುಕೊಳ್ಳಬಹುದು. ಒಂಬತ್ತನೆಯ ತರಗತಿಯಲ್ಲಿ ಖಾಲಿ ಉಳಿದ ಸ್ಥಾನಗಳಿಗೆ ಮತ್ತೊಂದು ಪರೀಕ್ಷೆಯುಂಟು. ಭಾವನವರು ಈಗಲೇ ಅದರ ನಿಯಮ ಓದಿ ಹೇಳೆಂದು ನನಗೆ ಫೋನು ಮಾಡಿದ್ದಾರೆ. ಹುಡುಗ ಈಗ ಮತ್ತೆ ಊರಿನ ಶಾಲೆಯಲ್ಲಿದ್ದಾನೆ. ಅವನಿಗೆ ಆ ಆಕೃತಿಗಳ ಹುಚ್ಚು ಮಾತ್ರ ಬಿಟ್ಟಿಲ್ಲ. ಮೊನ್ನೆ ನನ್ನನ್ನು ಬಸ್ಸು ಹತ್ತಿಸಲು ಬಂದವನು, ಮುಂದಿನ ಬೋರ್ಡನ್ನು ತೋರಿಸಿ, “ಮಾಮ, ಇದು ಕನ್ನಡಿಯಲ್ಲಿ ಹೇಗೆ ಕಾಣುತ್ತೆ ಹೇಳು ನೋಡೋಣ” ಎಂದ. ಬಸ್ಸು ಹೊರಡುವವರೆಗೂ ನನಗೆ ಹೇಳಲಾಗಲಿಲ್ಲ.