ಕಾಪಿ ಮಾಡಿದ ಡೇಟಾಬೇಸ್ ಯಾಕೆ ಏಳ್ತಿಲ್ಲ?

ನಾಳೆ ಪ್ರಾಜೆಕ್ಟ್ ಡೆಮೊ. ಮೂರು ತಿಂಗಳು ಕೂತು ತುಂಬಿಸಿದ ಡೇಟಾ ಗೆಳೆಯನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿದೆ. ‘ಫೋಲ್ಡರ್ ತಾನೇ, ಕಾಪಿ ಮಾಡಿದ್ರಾಯ್ತು’ ಅಂತ ಮೈಎಸ್‌ಕ್ಯುಎಲ್‌ನ ಡೇಟಾ ಫೋಲ್ಡರನ್ನು ಪೆನ್‌ಡ್ರೈವಿನಲ್ಲಿ ತಂದು ನಿಮ್ಮ ಉಬುಂಟು ಮೆಷಿನ್‌ಗೆ ಹಾಕಿದಿರಿ. ಸ್ಟಾರ್ಟ್ ಕೊಟ್ಟರೆ ಬರೋದು ‘ಫೇಲ್ಡ್’ ಅನ್ನೋ ಒಂದೇ ಪದ. ಈಗ ಹೆಚ್ಚಿನವರು ಮಾಡೋದು ಎರಡು ಕೆಲಸ: ಎಲ್ಲೋ ಸಿಕ್ಕ ಕಮಾಂಡುಗಳನ್ನೆಲ್ಲ ಓಡಿಸೋದು, ಇಲ್ಲವೇ ‘ಲಾಗ್’ ಅಂತ ಹೆಸರಿರೋ ಫೈಲ್‌ಗಳನ್ನು ಅಳಿಸೋದು. ಎಷ್ಟೋ ಸಲ ಡೇಟಾ ನಿಜವಾಗಿ ಹೋಗೋದು ಈ ಗಡಿಬಿಡಿಯಲ್ಲೇ.

ಹಾಗಾಗಿ ಮೊದಲು, ತಂದ ಫೋಲ್ಡರಿನ ಇನ್ನೊಂದು ಪ್ರತಿ ತೆಗೆದು ಪಕ್ಕಕ್ಕಿಡಿ. ಅದನ್ನು ಮುಟ್ಟಬೇಡಿ. ಆಮೇಲೆ ಎರರ್ ಲಾಗ್ ಓದಿ. ‘ಫೇಲ್ಡ್’ ಅನ್ನೋದು ಸಿಸ್ಟಮ್‌ಡಿಯ ಮಾತು. ಸರ್ವರ್ ನಿಂತಿದ್ದು ಅದಕ್ಕೆ ಗೊತ್ತು, ಕಾರಣ ಗೊತ್ತಿಲ್ಲ. ಕಾರಣವನ್ನು ಮೈಎಸ್‌ಕ್ಯುಎಲ್ ತನ್ನ ಎರರ್ ಲಾಗ್‌ನಲ್ಲಿ ಬರೆದಿರುತ್ತೆ. ಕೊನೆಯ ಸಾಲು ಸಾಮಾನ್ಯವಾಗಿ ‘ಅಬಾರ್ಟಿಂಗ್’ ಅಷ್ಟೇ. ಅಲ್ಲಿಂದ ಮೇಲಕ್ಕೆ ಹೋಗಿ, ಆ ಸಲದ ಮೊದಲ ‘ಎರರ್’ ಹುಡುಕಿ. ರೋಗ ಇರೋದು ಅಲ್ಲಿ, ಕೆಳಗಿನದು ಬರೀ ನರಳಾಟ.

ಅಲ್ಲಿ ಎರರ್ ನಂಬರ್ 13 ಕಂಡರೆ ಖುಷಿಪಡಿ, ಅದು ಅನುಮತಿಯ ಸಮಸ್ಯೆ. ಸುಡೋ ಹಾಕಿ ಕಾಪಿ ಮಾಡಿದ ಫೈಲ್‌ಗಳಿಗೆ ರೂಟ್ ಒಡೆಯ. ಸರ್ವರ್ ಓಡೋದು ಮೈಎಸ್‌ಕ್ಯುಎಲ್ ಎಂಬ ಬೇರೆ ಬಳಕೆದಾರನ ಹೆಸರಲ್ಲಿ. ಒಡೆತನ ಬದಲಿಸಿದರೆ ಸಾಕು. ಅದು ಸರಿಯಿದ್ದೂ 13 ಬಂದರೆ, ಫೋಲ್ಡರನ್ನು ಬೇರೆ ಜಾಗದಲ್ಲಿಟ್ಟಿದ್ದೀರಾ ನೋಡಿ; ಉಬುಂಟುವಿನ ಆಪ್‌ಆರ್ಮರ್ ತಡೀತಿರಬಹುದು. ನಂಬರ್ 11, ‘ಲಾಕ್ ಮಾಡಲಾಗುತ್ತಿಲ್ಲ’ ಅಂದರೆ ಅದೇ ಫೋಲ್ಡರನ್ನು ಇನ್ನೊಂದು ಮೈಎಸ್‌ಕ್ಯುಎಲ್ ಆಗಲೇ ಹಿಡಿದುಕೊಂಡಿದೆ.

ವಿಂಡೋಸ್‌ನಿಂದ ಬಂದ ಡೇಟಾಕ್ಕೆ ಇನ್ನೊಂದು ತೊಡಕಿದೆ. ಟೇಬಲ್ ಹೆಸರಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ ಅಂತ ಲಿನಕ್ಸ್ ಎಣಿಸುತ್ತೆ, ವಿಂಡೋಸ್ ಎಣಿಸಲ್ಲ. ಮೈಎಸ್‌ಕ್ಯುಎಲ್ 8.0ರಲ್ಲಿ ಈ ಸೆಟ್ಟಿಂಗ್ ಡೇಟಾಬೇಸ್ ಹುಟ್ಟಿದಾಗಲೇ ಪಕ್ಕಾ ಆಗುತ್ತೆ. ವಿಂಡೋಸ್‌ನಲ್ಲಿ ಅದು 1, ಲಿನಕ್ಸ್‌ನಲ್ಲಿ 0. ಎರಡೂ ತಾಳೆಯಾಗದಿದ್ದರೆ ಸರ್ವರ್ ಏಳೋದೇ ಇಲ್ಲ. ಕಾನ್ಫಿಗ್ ಫೈಲಿನಲ್ಲಿ ಲೋಯರ್ ಕೇಸ್ ಟೇಬಲ್ ನೇಮ್ಸ್ ಸೆಟ್ಟಿಂಗನ್ನು 1 ಮಾಡಿ ನೋಡಿ.

ಗೆಳೆಯ ಬಳಸಿದ್ದು ಕ್ಸಾಂಪ್ ಆಗಿದ್ದರೆ? ಅದರ ಬಟನ್ ಮೇಲೆ ಮೈಎಸ್‌ಕ್ಯುಎಲ್ ಅಂತಲೇ ಬರೆದಿದೆ, ಆದರೆ ಒಳಗಿರೋದು ಮರಿಯಾಡಿಬಿ. ಆ ಫೋಲ್ಡರ್ ಮೈಎಸ್‌ಕ್ಯುಎಲ್ 8ರಲ್ಲಿ ತೆರೆಯಲ್ಲ. ಹಾಗೇ ಹೊಸ ಆವೃತ್ತಿಯ ಡೇಟಾವನ್ನು ಹಳೆಯದು ಓದಲ್ಲ.

ಎಲ್ಲಕ್ಕಿಂತ ಕೆಟ್ಟದ್ದು, ಸರ್ವರ್ ಓಡ್ತಿದ್ದಾಗಲೇ ಕಾಪಿ ಮಾಡಿರೋದು. ಇನ್ನೊಡಿಬಿ ಪ್ರತಿ ಬದಲಾವಣೆಯನ್ನು ಮೊದಲು ರಿಡೂ ಲಾಗ್‌ನಲ್ಲಿ ಬರೆದುಕೊಳ್ಳುತ್ತೆ, ಟೇಬಲ್ ಫೈಲಿಗೆ ನಿಧಾನವಾಗಿ ಆಮೇಲೆ ಇಳಿಸುತ್ತೆ. ನಿಮ್ಮ ಕಾಪಿಗೆ ಐದು ನಿಮಿಷ ಹಿಡಿದರೆ ಮೊದಲ ಫೈಲ್ 10 ಗಂಟೆಯದು, ಕೊನೆಯದು 10.05ರದು. ಕ್ಲಾಸ್ ಫೋಟೋವನ್ನು ಪನೋರಮಾದಲ್ಲಿ ತೆಗೆಯುವಾಗ ಒಬ್ಬ ಹಿಂದಿನಿಂದ ಓಡಿ ಎರಡೂ ತುದಿಯಲ್ಲಿ ಕಾಣಿಸಿಕೊಳ್ತಾನಲ್ಲ, ಹಾಗೆ! ಪ್ರತಿ ಪುಟದ ಮೇಲೂ ಒಂದು ಕ್ರಮಸಂಖ್ಯೆ ಇರುತ್ತೆ. ಅದು ರಿಡೂ ಲಾಗ್‌ಗಿಂತ ಮುಂದಿದ್ದರೆ ‘ಈ ಸಂಖ್ಯೆ ಭವಿಷ್ಯದ್ದು’ ಅಂತ ಮೈಎಸ್‌ಕ್ಯುಎಲ್ ದೂರುತ್ತೆ. ಇಲ್ಲಿ ರಿಡೂ ಲಾಗ್ ಅಳಿಸಿದರೆ, ಟೇಬಲ್‌ಗೆ ಇನ್ನೂ ಇಳಿಯದ ಲೆಕ್ಕವನ್ನೇ ಹರಿದು ಹಾಕಿದಂತೆ.

ಇಂಥ ಹೊತ್ತಲ್ಲಿ ಗೆಳೆಯನಿಗೆ ಫೋನ್ ಮಾಡೋದೇ ಉತ್ತಮ ರಿಪೇರಿ. ಮೂಲ ಸರ್ವರ್ ಚೆನ್ನಾಗಿದ್ದರೆ ಮೈಎಸ್‌ಕ್ಯುಎಲ್‌ಡಂಪ್‌ನಿಂದ ಡಂಪ್ ತೆಗೆಸಿ. ಸಿಂಗಲ್ ಟ್ರಾನ್ಸಾಕ್ಷನ್ ಆಯ್ಕೆ ಕೊಟ್ಟರೆ ಸರ್ವರ್ ನಿಲ್ಲಿಸದೆಯೇ ಇನ್ನೊಡಿಬಿ ಟೇಬಲ್‌ಗಳ ಒಂದೇ ಕ್ಷಣದ ಚಿತ್ರ ಸಿಗುತ್ತೆ. ಡಂಪ್ ಬರೀ ಪಠ್ಯ; ಫೋಲ್ಡರಿನ ಈ ರಗಳೆಗಳು ಅದಕ್ಕಿಲ್ಲ.

ಮೂಲವೇ ಹೋಗಿದ್ದರೆ ಮಾತ್ರ ಕೊನೆಯ ಅಸ್ತ್ರ, ಇನ್ನೊಡಿಬಿ ಫೋರ್ಸ್ ರಿಕವರಿ. 1ರಿಂದ 6ರವರೆಗೆ ಹಂತಗಳಿವೆ. 1ರಿಂದ ಶುರು ಮಾಡಿ, ಏಳದಿದ್ದರೆ ಒಂದೊಂದೇ ಏರಿಸಿ. 4 ಮತ್ತು ಮೇಲಿನವು ಡೇಟಾವನ್ನು ಶಾಶ್ವತವಾಗಿ ಕೆಡಿಸಬಹುದು. ಪಕ್ಕಕ್ಕಿಟ್ಟ ಆ ಪ್ರತಿ ಬೇಕಾಗೋದು ಇಲ್ಲೇ. ಸರ್ವರ್ ಎದ್ದರೆ ಕೆಲಸ ಮುಂದುವರಿಸಬೇಡಿ. ಡಂಪ್ ತೆಗೆದು ಹೊಸ ಸರ್ವರ್‌ಗೆ ತುಂಬಿಸಿ, ಆಮೇಲೆ ಡೆಮೊಗೆ ಹೋಗಿ.