ಹೊಟ್ಟೆ ತೊಳೆದರೆ ಹುಳು ಹೋಗುತ್ತದೆಯೇ?

ವರ್ಷಕ್ಕೊಮ್ಮೆ ಹೊಟ್ಟೆ ತೊಳೆಯಬೇಕೆಂದು ಮಗುವಿನ ಮೂಗು ಹಿಡಿದು ಹರಳೆಣ್ಣೆ ಕುಡಿಸುವ ಮನೆ ನಿಮ್ಮದೂ ಆಗಿರಬಹುದು. ಚಳ್ಳಕೆರೆಯ ನನ್ನ ದವಾಖಾನೆಗೆ ಈಗ ಕೆಲವರು ಮೊಬೈಲಿನಲ್ಲಿ ನೋಡಿ ತರಿಸಿದ 'ಡಿಟಾಕ್ಸ್' ಪುಡಿಯನ್ನೂ ಹಿಡಿದು ಬರುತ್ತಾರೆ. ಅದನ್ನು ಕುಡಿದ ಮೇಲೆ ದಾರದಂತೆ ಬೀಳುವುದು ಬಹುಪಾಲು ಕರುಳಿನ ಲೋಳೆ, ಹುಳುವಲ್ಲ.

ಯುನಾನಿಯಲ್ಲಿ ಮುಸ್‌ಹಿಲ್, ಅಂದರೆ ಭೇದಿ ಮಾಡಿಸುವ ಚಿಕಿತ್ಸೆ ಇದೆ, ನಿಜ. ಅದಕ್ಕೆ ಮೊದಲು ಮುಂಜಿಜ್ ಕೊಟ್ಟು ದೇಹವನ್ನು ಸಿದ್ಧಗೊಳಿಸುತ್ತೇವೆ. ವಯಸ್ಸು, ಬಲ ನೋಡುತ್ತೇವೆ. ಸನಾ ಮಕ್ಕಿ ಕುದಿಸಿ ಮನೆಮಂದಿಗೆಲ್ಲ ಕುಡಿಸುವುದು ಚಿಕಿತ್ಸೆಯಲ್ಲ. ಭೇದಿ ಹೆಚ್ಚಾದರೆ ಮಗುವಿನ ಮೈಯ ನೀರೇ ಬತ್ತುತ್ತದೆ. ಕೊಕ್ಕೆಹುಳು ಮಾತ್ರ ಕರುಳನ್ನು ಕಚ್ಚಿಕೊಂಡು ರಕ್ತ ಹೀರುತ್ತಲೇ ಇರುತ್ತದೆ. ಮಗಳು ಬಿಳಿಚಿಕೊಂಡು ಮಂಕಾಗಿದ್ದರೆ ಸೋಮಾರಿ ಎಂದು ಬೈಯುವ ಮೊದಲು ರಕ್ತ, ಮಲ ಪರೀಕ್ಷೆ ಮಾಡಿಸಿ.

ಹುಳುವಿಗೆ ಆಲ್ಬೆಂಡಜೋಲ್ ಇದೆ. ಯುನಾನಿ ವೈದ್ಯನಾಗಿ ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ದೇಶದಲ್ಲಿ 2015ರಲ್ಲಿ ಆರಂಭವಾದ ಫೆಬ್ರವರಿ 10ರ ಜಂತುಹುಳು ನಿವಾರಣಾ ದಿನಕ್ಕೆ ಶಾಲೆ, ಅಂಗನವಾಡಿಗಳಲ್ಲಿ ಉಚಿತವಾಗಿ ಕೊಡುತ್ತಾರೆ: 2ರಿಂದ 19 ವರ್ಷದವರಿಗೆ 400 ಮಿ.ಗ್ರಾಂ.ನ ಒಂದು ಮಾತ್ರೆ, 1ರಿಂದ 2 ವರ್ಷದ ಕೂಸಿಗೆ ಅರ್ಧ. ಶಾಲೆ ಬಿಟ್ಟು ಮದರಸದಲ್ಲಷ್ಟೇ ಓದುವ ಮಕ್ಕಳನ್ನು ಅಂಗನವಾಡಿಗೆ ಕರೆದೊಯ್ಯಿರಿ. ಅಂದು ಜ್ವರವಿದ್ದರೆ ವಾಸಿಯಾದ ಮೇಲೆ ಕೊಡಿಸಿ. ಗರ್ಭಿಣಿಯರು ವೈದ್ಯರನ್ನು ಕೇಳದೆ ಈ ಮಾತ್ರೆಯನ್ನಾಗಲಿ ಸನಾ ಮಕ್ಕಿಯನ್ನಾಗಲಿ ಮುಟ್ಟಬಾರದು.

ಶೇಂಗಾ ಹೊಲಕ್ಕೆ ಬರಿಗಾಲಲ್ಲಿ ಕಳಿಸಬೇಡಿ. ಕೊಕ್ಕೆಹುಳುವಿನ ಮರಿ ಅಂಗಾಲಿನ ಚರ್ಮದಿಂದಲೇ ಒಳಹೊಗುತ್ತದೆ. ರಾತ್ರಿ ಗುದದ್ವಾರ ತುರಿಸಿಕೊಳ್ಳುವ ಮಗುವಿನ ಉಗುರಿನಡಿ ಹುಳುವಿನ ಮೊಟ್ಟೆಗಳಿರಬಹುದು. ವುಜೂ ಮಾಡುತ್ತಾನಲ್ಲ ಎನ್ನಬೇಡಿ, ಉದ್ದ ಉಗುರಿನಡಿಗೆ ಆ ನೀರು ಸರಿಯಾಗಿ ತಲುಪದು. ಪ್ರತಿ ಜುಮಾ ದಿನ ಉಗುರು ಕತ್ತರಿಸಿ, ಸೋಪು ಹಚ್ಚಿ ಕೈ ತೊಳೆಸಿ.